ಕಂಬಕ್ಕೆ ನೇತುಹಾಕಿದ ಚೀಲಗಳು

ಜನವರಿ 8, ಸೋಮವಾರ

ಡ್ರೈವರ್ ಅಣ್ಣನಿಗೆ,

ಈ ಹಳ್ಳಿ ಡಿಪೋಗೆ ಕಳಿಸುವಾಗ ಆಫೀಸಿನವರು ಕೊಟ್ಟ ಮಾತುಗಳು ಇವು. ವರ್ಗಾವಣೆ ಮೂರೇ ತಿಂಗಳು ಎಂದರು. ಇರಲು ಡಿಪೋದಲ್ಲೇ ಕೋಣೆ ಎಂದರು. ಹೆಂಗಸರಿಗೆ ಬೇರೆ ಶೌಚಾಲಯ ಇದೆ ಎಂದರು. ಆರೋಪ ಪಟ್ಟಿ ವಾರದೊಳಗೆ ಕೈಗೆ ಬರುತ್ತದೆ ಎಂದರು. ವಿಚಾರಣೆಗೆ ಯೂನಿಯನ್ನಿನವರನ್ನು ಜೊತೆಗೆ ಕರೆತರಬಹುದು ಎಂದರು.

ಸಿಕ್ಕಿದ್ದು ಇಷ್ಟು. ಆದೇಶದಲ್ಲಿ ಮೂರು ತಿಂಗಳ ಮಾತಿಲ್ಲ, 'ಮುಂದಿನ ಆದೇಶದವರೆಗೆ' ಎಂದಿದೆ. ಕೋಣೆಯಲ್ಲಿ ಹಳೆಯ ಟೈರು ತುಂಬಿದ್ದಾರೆ. ಶೌಚಾಲಯಕ್ಕೆ ಬೀಗ, ಬೀಗದ ಕೈ ಇಲ್ಲಿನ ಸಾಹೇಬರ ಮನೆಯಲ್ಲಿ. ಆರೋಪ ಪಟ್ಟಿ ಬಂದಿಲ್ಲ. ಯೂನಿಯನ್ ಎಂದ ಕೂಡಲೇ ಗುಮಾಸ್ತನಿಗೆ ಕಿವಿಯಲ್ಲಿ ತುರಿಕೆ ಶುರುವಾಯಿತು.

ನನ್ನ ಅಪರಾಧ ನಿಮಗೆ ಗೊತ್ತಿದ್ದದ್ದೇ. ಆದರೂ ಬರೆಯುತ್ತೇನೆ. ವಿಚಾರಣೆಯಲ್ಲಿ ಇದನ್ನೇ ಹೇಳಬೇಕು, ತಪ್ಪಿದ್ದರೆ ತಿದ್ದಿ. ನವೆಂಬರ್ 20, ಬೆಳಿಗ್ಗೆ ಏಳು ನಲವತ್ತರ ಬಸ್ಸು. ನೀವು ಸ್ಟಿಯರಿಂಗ್ ಮುಂದೆ, ನಾನು ಹಿಂದಿನ ಬಾಗಿಲಲ್ಲಿ. ಮಾರ್ಕೆಟ್ ದಾಟಿದ ಮೇಲೆ ವಯಸ್ಸಾದವರೊಬ್ಬರು ಎದೆ ಹಿಡಿದುಕೊಂಡು ಕುಸಿದರು. ನಾನು ಗಂಟೆಯ ಹಗ್ಗವನ್ನು ಮೂರು ಸಲ ಎಳೆದೆ. ಒಂದಕ್ಕೆ ನಿಲ್ಲು, ಎರಡಕ್ಕೆ ಹೊರಡು, ಮೂರಕ್ಕೆ ಎಲ್ಲೂ ನಿಲ್ಲಬೇಡ. 'ಅಣ್ಣಾ, ಆಸ್ಪತ್ರೆಗೆ' ಎಂದು ಕೂಗಿದೆ. ನೀವು ಮರುಮಾತಿಲ್ಲದೆ ಬಸ್ಸು ತಿರುಗಿಸಿದಿರಿ. ಅರವತ್ತು ಜನರ ಸಮೇತ ಆಸ್ಪತ್ರೆಯ ಗೇಟಿನೊಳಗೆ ನುಗ್ಗಿದೆವು. ಮನುಷ್ಯ ಬದುಕಿದ. ನಲವತ್ತು ನಿಮಿಷ ತಡವಾಯಿತು. ಕೋಟು ಹಾಕಿಕೊಂಡಿದ್ದ ಒಬ್ಬರು ದೂರು ಕೊಟ್ಟರು. ನಾವೆಲ್ಲ ಪೆನ್ಸಿಲ್ ಎಂದು ಕರೆಯುವ ಚೆಕಿಂಗ್ ಇನ್ಸ್‌ಪೆಕ್ಟರ್ ಬಂದು, 'ಕಂಡಕ್ಟರ್ ಮನಸ್ಸಿಗೆ ಬಂದಂತೆ ಮಾರ್ಗ ಬದಲಿಸಿದ್ದಾಳೆ' ಎಂದು ಗೀಚಿಕೊಂಡ.

ವಿಚಾರಣೆ ನನ್ನ ವಿರುದ್ಧ ಹೋದರೆ ಕೆಲಸದಿಂದ ವಜಾ. ಅಷ್ಟು ಸ್ಪಷ್ಟ.

ನನಗೆ ಪೆನ್ಸಿಲ್ ಮೇಲೆ ಸಿಟ್ಟಿಲ್ಲ ಅಣ್ಣ, ಅವನ ಹೊಟ್ಟೆಪಾಡೇ ಅದು. ಸಿಟ್ಟಿರುವುದು ಆ ಅರವತ್ತು ಜನರ ಮೇಲೆ. ಅವನು ಬರೆದುಕೊಳ್ಳುವಾಗ ಒಬ್ಬರೂ ಬಾಯಿ ಬಿಡಲಿಲ್ಲ. 'ನಾನು ನೋಡಿದ್ದೇನೆ, ನನ್ನ ಹೆಸರು ಬರೆದುಕೊಳ್ಳಿ' ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆರು ವರ್ಷ ಅದೇ ಬಸ್ಸಿನಲ್ಲಿ ಅದೇ ಮುಖಗಳಿಗೆ ಟಿಕೆಟ್ ಹರಿದುಕೊಟ್ಟೆ. ಒಂದು ದಿನ 'ಹೇಗಿದ್ದೀಯಮ್ಮ' ಎಂದವರಿಲ್ಲ. ಎಲ್ಲರೂ ಕಿಟಕಿಯಾಚೆ ನೋಡುವವರೇ. ಆಚೆ ಏನಿತ್ತು, ಇನ್ನೊಂದು ಬಸ್ಸು.

ಇಲ್ಲಿ ಬಂದಿಳಿದು ಚೀಲ ಕೆಳಗಿಡುವ ಮೊದಲೇ ನಲವತ್ತು ಪ್ರಶ್ನೆ. ಯಾರ ಮಗಳು, ಯಾಕೆ ಬಂದೆ, ಊಟ ಆಯ್ತಾ, ಗಂಡ ಎಲ್ಲಿ, ಗಂಡ ಇಲ್ಲದಿದ್ದರೆ ಯಾಕಿಲ್ಲ. ಹಿಟ್ಟಿನ ಗಿರಣಿ ನಡೆಸುವ ಅಮ್ಮ ತನ್ನ ಹಿಂದಿನ ಕೋಣೆ ಕೊಟ್ಟಿದ್ದಾಳೆ. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೂ ಹಿಟ್ಟು. ಕನ್ನಡಿಯಲ್ಲಿ ನೋಡಿಕೊಂಡರೆ ನಾನೇ ಮುದುಕಿ.

ಫೋನಿಗೆ ಇಲ್ಲಿ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕ್ ಹತ್ತಬೇಕು. ಡಿಪೋದ ಫೋನು ಸಾಹೇಬರ ಕಿವಿಯ ಕೆಳಗಿದೆ. ಆದ್ದರಿಂದ ಕಾಗದ. ಮಧ್ಯಾಹ್ನದ ಬಸ್ಸಿನವರ ಕೈಯಲ್ಲಿ ಕಳಿಸುತ್ತೇನೆ, ಅವರ ಕೈಯಲ್ಲೇ ಉತ್ತರ ಕೊಡಿ.

ನಿಮ್ಮ
ಕಂಡಕ್ಟರ್ ತಂಗಿ


ಜನವರಿ 17, ಬುಧವಾರ

ತಂಗೀ,

ಕಾಗದ ಸಿಕ್ಕಿತು. ನೀನು ಬರೆದದ್ದರಲ್ಲಿ ತಿದ್ದುವುದಕ್ಕೆ ಏನೂ ಇಲ್ಲ.

ನಿನ್ನ ಜಾಗಕ್ಕೆ ಬಂದಿರುವ ಹುಡುಗನಿಗೆ ಗಂಟೆಯ ಮೇಲೆ ನಂಬಿಕೆಯಿಲ್ಲ. ಸಿಳ್ಳೆ ಹೊಡೆಯುತ್ತಾನೆ. ನನಗೆ ಬಸ್ಸು ಓಡಿಸುತ್ತಿದ್ದೇನೋ ಕುರಿ ಕಾಯುತ್ತಿದ್ದೇನೋ ತಿಳಿಯುವುದಿಲ್ಲ.

ಈ ಊರಿನ ಜನರ ಬಗ್ಗೆ ನೀನು ಹೇಳಿದ್ದು ನಿಜ. ನಮ್ಮ ಮೇಲಿನ ಮನೆಯಾತ ಹನ್ನೊಂದು ವರ್ಷದಿಂದ ಇದ್ದಾನೆ. ಅವನ ಕೆಮ್ಮು ನನಗೆ ಗೊತ್ತು, ಚಪ್ಪಲಿ ಸದ್ದು ಗೊತ್ತು, ಹೆಸರು ಗೊತ್ತಿಲ್ಲ. ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತೇವೆ. ಅವನೂ ಬಿಡುತ್ತಾನೆ, ನಾನೂ ಬಿಡುತ್ತೇನೆ, ಒಂದು ನಿಮಿಷ ಯಾರೂ ಹೋಗುವುದಿಲ್ಲ. ಅಷ್ಟೇ ನಮ್ಮ ಸ್ನೇಹ.

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ನಿನ್ನ ಅತ್ತಿಗೆ ದಿನಾ ಕ್ಯಾಲೆಂಡರಿನ ಹಾಳೆ ಹರಿಯುವಾಗ ನನ್ನ ಮುಖ ನೋಡುತ್ತಾಳೆ. ಕಣ್ಣು ಸ್ವಲ್ಪ ಉರಿಯುತ್ತಿದೆ. ಹೆಚ್ಚು ಬರೆಯಲಾರೆ.

ಧೈರ್ಯವಾಗಿರು.

ಅಣ್ಣ


ಫೆಬ್ರವರಿ 2, ಶುಕ್ರವಾರ

ಅಣ್ಣನಿಗೆ,

ಮಾತು ಶುರು ಮಾಡಿದರೆ ನಿಲ್ಲಿಸದ ಮನುಷ್ಯ ಅರ್ಧ ಪುಟಕ್ಕೆ ಇಳಿದಿದ್ದೀರಿ. ಕಣ್ಣು ತೋರಿಸಿಕೊಳ್ಳಿ. ಅತ್ತಿಗೆಗೆ ಬರೆದು ಚಾಡಿ ಹೇಳಬೇಕೇ?

ನಗಬೇಕೆಂದಿದ್ದರೆ ಮುಂದೆ ಓದಿ. ನಾನು ಇಲ್ಲಿ ಕಳ್ಳಿಯಾಗಿದ್ದೆ, ನನಗೇ ಗೊತ್ತಿರಲಿಲ್ಲ.

ನಮ್ಮ ಸಿಟಿ ಪದ್ಧತಿ ನಿಮಗೆ ಗೊತ್ತಲ್ಲ, ಯಾರದೂ ಅಲ್ಲದ ಚೀಲ ಕಂಡರೆ ಮುಟ್ಟಿ ನೋಡು, ಚೀಟಿ ಕಟ್ಟು, ಡಿಪೋಗೆ ಸೇರಿಸು. ಇಲ್ಲಿ ಮೊದಲ ವಾರವೇ ನೋಡುತ್ತೇನೆ, ಸ್ಟಾಪಿನ ಕಂಬಗಳಿಗೆಲ್ಲ ಚೀಲ ನೇತಾಡುತ್ತಿವೆ. ಅಕ್ಕಪಕ್ಕ ನರಪಿಳ್ಳೆಯಿಲ್ಲ. ಎಂಥ ಮರೆಗುಳಿ ಜನ ಎಂದುಕೊಂಡು ಒಂದೊಂದನ್ನೇ ಬಿಚ್ಚಿದೆ. 'ನೀಲಿ ಬಟ್ಟೆಯ ಚೀಲ, ಒಳಗೆ ಎರಡು ಸೌತೆಕಾಯಿ, ಒಂದು ಕನ್ನಡಕ' ಎಂದು ಚೀಟಿ ಬರೆದು, ಸಹಿ ಹಾಕಿ, ಎರಡು ಗಂಟೆ ಎಳೆದು ಹೊರಟೆ. ವಾರದಲ್ಲಿ ಒಂಬತ್ತು ಚೀಲ. ನನ್ನ ಪ್ರಾಮಾಣಿಕತೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಎಂಟನೇ ದಿನ ಒಂಬತ್ತು ಜನ ರಸ್ತೆಗೆ ಅಡ್ಡ ನಿಂತಿದ್ದರು. ಮುಂದೆ ಗಿರಣಿ ಅಮ್ಮ.

"ಏನಮ್ಮ, ಒಳ್ಳೆ ಮನೆ ಹುಡುಗಿ ಅಂತ ಕೋಣೆ ಕೊಟ್ಟೆ. ಚೀಲ ಕದಿಯೋ ಚಾಳಿ ಎಲ್ಲಿ ಕಲಿತೆ?"

"ಕದ್ದಿಲ್ಲ ಅಮ್ಮ. ವಾರಸುದಾರರಿಲ್ಲದ ವಸ್ತು ಅಂತ ಡಿಪೋಗೆ ಕಳಿಸಿದ್ದೀನಿ. ಚೀಟಿ ಇದೆ."

"ವಾರಸುದಾರರಿಲ್ವಾ? ನಾನೇನು ಸತ್ತಿದ್ದೀನಾ? ಗಿರಣಿ ಬೆಲ್ಟು ಬಿಚ್ಚಿ, ಕೈ ತೊಳ್ಕೊಂಡು ಓಡಿ ಬರೋ ಅಷ್ಟರಲ್ಲಿ ಚೀಲಾನೂ ಇಲ್ಲ, ಬಸ್ಸೂ ಇಲ್ಲ. ನನ್ನ ಕನ್ನಡಕ ಅದರೊಳಗಿತ್ತು. ಒಂದು ವಾರದಿಂದ ರಾಗಿ ಯಾವುದು ಮರಳು ಯಾವುದು ಕಾಣಿಸ್ತಾ ಇಲ್ಲ ನನಗೆ."

ಹಿಂದಿನಿಂದ ಒಬ್ಬ, "ಅದಕ್ಕೇ ರೊಟ್ಟಿ ಹಲ್ಲಿಗೆ ಕರಕರ ಅಂತಿತ್ತು" ಎಂದ.

ವಿಷಯ ಇದು ಅಣ್ಣ. ಇಲ್ಲಿ ದಿನಕ್ಕೆ ಎರಡೇ ಬಸ್ಸು. ಹೊಲದಲ್ಲಿ, ಕೊಟ್ಟಿಗೆಯಲ್ಲಿ ಕೈ ಬಿಡುವಿಲ್ಲದವರು ಮೊದಲೇ ಬಂದು ಕಂಬಕ್ಕೆ ಚೀಲ ನೇತುಹಾಕಿ ಹೋಗುತ್ತಾರೆ. ಚೀಲವಿದೆ ಎಂದರೆ ಆಳು ಬರುತ್ತಿದ್ದಾನೆ, ಬಸ್ಸು ಕಾಯಬೇಕು. ಯಾವ ರೂಲ್ಸ್ ಪುಸ್ತಕದಲ್ಲೂ ಇಲ್ಲ, ಎಲ್ಲರಿಗೂ ಗೊತ್ತು. ನನ್ನ ಜೊತೆಯ ಡ್ರೈವರ್ ಮಾವನಿಗೂ ಗೊತ್ತಿತ್ತು. "ಮತ್ತೆ ಯಾಕೆ ಹೇಳಲಿಲ್ಲ ಮಾವ?" ಎಂದರೆ, "ನೀವು ಸಿಟಿಯವರು, ಏನೋ ಹೊಸ ಕಾನೂನು ಬಂದಿರಬೇಕು ಅಂದ್ಕೊಂಡೆ" ಎಂದರು.

ಒಂಬತ್ತು ಚೀಲವನ್ನೂ ತಂದುಕೊಟ್ಟೆ. ಸೌತೆಕಾಯಿ ಕೊಳೆತಿದ್ದವು. ಅಮ್ಮ ಬೈದಳು, ನಕ್ಕಳು, ಮತ್ತೆ ಬೈದಳು. ಅಂದಿನಿಂದ ನಾನು ಊರಿನವಳು. ಬಸ್ಸಿನಲ್ಲಿ ಹೆಜ್ಜೆಗೊಬ್ಬರು ಮಾತಾಡಿಸುತ್ತಾರೆ. ಯಾರದೋ ಕೂಸು ನನ್ನ ಕಂಕುಳಿಗೆ ಬಂದು, ಮೂರು ಸ್ಟಾಪ್ ಆದ ಮೇಲೆ ಇನ್ಯಾರದೋ ಕಂಕುಳಿಗೆ ಹೋಗುತ್ತದೆ. ನನ್ನ ಕೇಸಿನ ವಿಷಯ ಕೇಳಿ ಅಮ್ಮ, "ಊರಿಗೂರೇ ಸಹಿ ಹಾಕುತ್ತೆ, ಕಾಗದ ತಾ" ಎಂದಿದ್ದಾಳೆ. ಬಸ್ಸಿಡೀ ಹೌದು ಹೌದು ಎಂದಿತು.

ಬರೆದಿಟ್ಟುಕೊಳ್ಳಿ, ಮನುಷ್ಯರು ಇರುವುದು ಇಲ್ಲಿ. ನಿಮ್ಮ ಊರಿನಲ್ಲಿರುವುದು ಬರೀ ಜನಸಂಖ್ಯೆ.

ತಂಗಿ


ಫೆಬ್ರವರಿ 12, ಸೋಮವಾರ

ತಂಗೀ,

ಚೀಲದ ಕಥೆಯನ್ನು ಡಿಪೋದಲ್ಲಿ ಓದಿ ಹೇಳಿದೆ. ಮೆಕ್ಯಾನಿಕ್ ನಕ್ಕು ನಕ್ಕು ಬಸ್ಸಿನ ಕೆಳಗಿನಿಂದ ಹೊರಗೆ ಬರಲಾರದೆ ಹೋದ.

ಆದರೆ ಒಂದು ಮಾತು. ನಿಮ್ಮ ಊರಿನವರ ಸಹಿ ಒಳ್ಳೆಯದೇ. ಅವರು ಯಾರೂ ನವೆಂಬರ್ 20ರಂದು ಬಸ್ಸಿನಲ್ಲಿ ಇರಲಿಲ್ಲ. ವಿಚಾರಣೆಯಲ್ಲಿ ಕೇಳುವುದು ನೀನು ಒಳ್ಳೆಯವಳೇ ಎಂದಲ್ಲ, ಆ ಮುದುಕ ನಿಜವಾಗಿ ಸಾಯುವ ಸ್ಥಿತಿಯಲ್ಲಿದ್ದನೇ ಎಂದು. ಅದನ್ನು ಹೇಳಬೇಕಾದವರು ಆ ಅರವತ್ತು ಜನ.

ಒಂದು ಕೆಲಸ ಮಾಡಿದ್ದೇನೆ. ನನ್ನ ಸೀಟಿನ ಹಿಂದೆ ಒಂದು ಕಾಗದ ಅಂಟಿಸಿದ್ದೇನೆ. 'ನವೆಂಬರ್ 20, ಏಳು ನಲವತ್ತರ ಈ ಬಸ್ಸು ಆಸ್ಪತ್ರೆಗೆ ಹೋದಾಗ ಒಳಗಿದ್ದವರು ದಯವಿಟ್ಟು ಹೆಸರು, ವಿಳಾಸ ಬರೆಯಿರಿ. ಕಂಡಕ್ಟರ್ ಕೆಲಸ ಹೋಗಲಿದೆ.' ದಾರಕ್ಕೆ ಒಂದು ಪೆನ್ನು ಕಟ್ಟಿದ್ದೇನೆ. ಐದು ದಿನ ಒಂದು ಅಕ್ಷರವೂ ಬೀಳಲಿಲ್ಲ. ಕನ್ನಡಿಯಲ್ಲಿ ನೋಡುತ್ತಿದ್ದೆ. ಎಲ್ಲರೂ ಓದುತ್ತಾರೆ, ಆಮೇಲೆ ಕಿಟಕಿಯಾಚೆ ನೋಡುತ್ತಾರೆ. ಆರನೇ ದಿನ ಪೆನ್ಸಿಲ್ ಹತ್ತಿ ಅದನ್ನು ಹರಿದುಹಾಕಿದ.

ಮಾರನೇ ದಿನ ಬೆಳಿಗ್ಗೆ ಅದೇ ಜಾಗದಲ್ಲಿ ಕಾಗದವಿತ್ತು. ಅದೇ ಮಾತು, ಬೇರೆ ಕೈಬರಹ. ಅಂಟಿಸಿದ್ದು ನಾನಲ್ಲ.

ಆರೋಪ ಪಟ್ಟಿ ಬಂದರೆ ಬಿಡಿಸಿ ಓದುವ ಮೊದಲು ನನಗೊಂದು ಸಾಲು ಬರೆ. ನಾನೇ ಬರುತ್ತೇನೆ.

ಅಣ್ಣ


ಫೆಬ್ರವರಿ 20, ಮಂಗಳವಾರ

ಆರೋಪ ಪಟ್ಟಿ ಬಂದಿದೆ. ಬಿಡಿಸಿ ಓದಿದೆ. ಓದದೆ ಇರಲು ನಾನೇನು ಚಿಕ್ಕ ಮಗುವೇ.

ಮೂರನೇ ಪುಟ: 'ಪ್ರಯಾಣಿಕನ ಸ್ಥಿತಿ ಗಂಭೀರವಾಗಿ ಕಾಣಲಿಲ್ಲ. ಮಾರ್ಗ ಬದಲಿಸಬಾರದೆಂದು ನಾನು ಆಕ್ಷೇಪಿಸಿದೆ. ಕಂಡಕ್ಟರ್ ಒತ್ತಾಯ ಮಾಡಿದ್ದರಿಂದ ವಿಧಿಯಿಲ್ಲದೆ ಬಸ್ಸು ತಿರುಗಿಸಿದೆ. ಚಾಲಕರ ಹೇಳಿಕೆ. ಡಿಸೆಂಬರ್ 11.'

ಕೆಳಗೆ ಒಂದು ಸಹಿ. ಆ ಸಹಿಯ ಬಾಲ ನನಗೆ ಆರು ವರ್ಷದಿಂದ ಗೊತ್ತು.

ಇದು ನಿಮ್ಮದೇ? ಹೌದು ಅಥವಾ ಇಲ್ಲ, ಅಷ್ಟು ಬರೆದರೆ ಸಾಕು. ಕಣ್ಣು ಉರಿಯುತ್ತಿದ್ದರೆ ಒಂದೇ ಅಕ್ಷರ ಸಾಕು.


ಫೆಬ್ರವರಿ 26, ಸೋಮವಾರ

ತಂಗೀ,

ಹೌದು.

ಇಪ್ಪತ್ತೆರಡು ವರ್ಷ ಯೂನಿಯನ್ ಬಾವುಟ ಹಿಡಿದ ಕೈ ಅದು. ಲಾಠಿ ತಿಂದಿದ್ದೇನೆ, ಎರಡು ಸಲ ಸಸ್ಪೆಂಡ್ ಆಗಿದ್ದೇನೆ. ಬೈದಿದ್ದರೆ ಎದ್ದು ನಿಲ್ಲುತ್ತಿದ್ದೆ. ಅವರು ಬೈಯಲಿಲ್ಲ.

ಡಿಸೆಂಬರಿನಲ್ಲಿ ನಮ್ಮ ಡಿಪೋ ಸಾಹೇಬರ ಕೋಣೆಗೆ ಕರೆದರು. ಕುರ್ಚಿ ಹಾಕಿದರು. ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು. ಪೆನ್ಸಿಲ್ ತಾನೇ ಎದ್ದು ಹೋಗಿ ಚಹಾ ತಂದ. "ಅಣ್ಣಾವ್ರೇ, ಮಗಳು ಚೆನ್ನಾಗಿದ್ದಾಳಾ? ಮೊಮ್ಮಗ ನಡೀತಾನಾ?" ಎಂದ. ಸಾಹೇಬರು ಹೆಗಲ ಮೇಲೆ ಕೈಯಿಟ್ಟು, "ನಿವೃತ್ತಿ ಹತ್ತಿರ ಬಂತು, ಗೌರವವಾಗಿ ಮನೆಗೆ ಹೋಗಿ. ಆ ಹುಡುಗಿಗೆ ಏನೂ ಆಗಲ್ಲ, ಇದು ಬರೀ ಫೈಲಿಗೆ" ಎಂದರು. ಎಲ್ಲರೂ ಎಷ್ಟು ಪ್ರೀತಿಯಿಂದ ಮಾತಾಡಿದರೆಂದರೆ, ಇಲ್ಲ ಎನ್ನುವುದು ಒರಟುತನ ಅನ್ನಿಸಿತು. ಸಹಿ ಹಾಕಿದೆ. ಮೆಟ್ಟಿಲಿಳಿದು ಬರುವಾಗ ಚಹಾ ಗಂಟಲಲ್ಲೇ ಇತ್ತು.

ನಿನಗೆ ಏನೂ ಆಗುವುದಿಲ್ಲ ಎಂಬ ಮಾತನ್ನು ನಾನು ನಂಬಿದೆ ಎಂದು ಬರೆದರೆ ಅದು ಎರಡನೇ ಸುಳ್ಳು. ನಂಬಿರಲಿಲ್ಲ. ನಂಬಿದ ಹಾಗೆ ಮಾಡಿದೆ.

ಇವತ್ತು ಬೆಳಿಗ್ಗೆ ಡ್ಯೂಟಿಗೆ ಮೊದಲು ಆ ಹೇಳಿಕೆಯನ್ನು ವಾಪಸು ಪಡೆಯುತ್ತಿದ್ದೇನೆಂದು ಬರೆದುಕೊಟ್ಟೆ. 'ಮೂರು ಗಂಟೆ ಕೇಳಿಸಿತು, ಕನ್ನಡಿಯಲ್ಲಿ ಪ್ರಯಾಣಿಕನ ಮುಖ ನೀಲಿಗಟ್ಟಿದ್ದು ನೋಡಿದೆ, ನಾನೇ ಬಸ್ಸು ತಿರುಗಿಸಿದೆ.' ಗುಮಾಸ್ತನ ಮೊಹರು ಹಾಕಿಸಿದ ಪ್ರತಿ ಇದರ ಜೊತೆಗಿದೆ. ಪೆನ್ಸಿಲ್ ಈಗ ನನ್ನ ಮೊಮ್ಮಗನ ವಿಷಯ ಕೇಳುವುದಿಲ್ಲ.

ನೀನು ಏನು ಬೈದರೂ ಓದುತ್ತೇನೆ.

ಅಣ್ಣ ಎಂದು ಬರೆಯಲು ಕೈ ಬರುತ್ತಿಲ್ಲ.


ಮಾರ್ಚ್ 11, ಸೋಮವಾರ

ತಂಗೀ,

ಮಧ್ಯಾಹ್ನದ ಬಸ್ಸಿನವನನ್ನು ದಿನಾ ಕೇಳುತ್ತೇನೆ. ದಿನಾ ತಲೆಯಲ್ಲಾಡಿಸುತ್ತಾನೆ. ನಿನ್ನೆ ನಾನು ಕೇಳುವ ಮೊದಲೇ ಅಲ್ಲಾಡಿಸಿದ.

ಬೈಗುಳವನ್ನಾದರೂ ಕಳಿಸು.

ಸೀಟಿನ ಹಿಂದಿನ ಕಾಗದವನ್ನು ಪೆನ್ಸಿಲ್ ನಾಲ್ಕು ಸಲ ಹರಿದ, ನಾಲ್ಕು ಸಲವೂ ಮರುದಿನ ಹುಟ್ಟಿಕೊಂಡಿತು. ಹದಿನಾಲ್ಕು ಹೆಸರು ಬಿದ್ದಿವೆ. ಒಬ್ಬರು ಹೆಸರು ಬರೆದು ಕೆಳಗೆ 'ನನ್ನ ಛತ್ರಿ ಆ ದಿನ ಅಲ್ಲೇ ಉಳಿಯಿತು, ಪರವಾಗಿಲ್ಲ' ಎಂದು ಸೇರಿಸಿದ್ದಾರೆ. ಬರೆದವರು ಯಾರೂ ನನ್ನ ಮುಖ ನೋಡಿಲ್ಲ, ಮಾತಾಡಿಲ್ಲ. ಇಳಿಯುವ ಗಡಿಬಿಡಿಯಲ್ಲಿ ಬರೆದು ಇಳಿದುಹೋಗಿದ್ದಾರೆ.

ವಿಚಾರಣೆ ಮಾರ್ಚ್ 27, ಬುಧವಾರ, ಹತ್ತೂವರೆಗೆ.

ಡ್ರೈವರ್


ಮಾರ್ಚ್ 16, ಶನಿವಾರ

ಡ್ರೈವರ್ ಅಣ್ಣನಿಗೆ,

ನಿಮಗೆ ಉತ್ತರ ಬರೆಯಲು ಕೂತು ಮೂರು ಕಾಗದ ಹರಿದೆ. ಮೂರರಲ್ಲೂ ನಾನು ನ್ಯಾಯಾಧೀಶೆ, ನೀವು ಕಟಕಟೆಯಲ್ಲಿ. ಹರಿದು ಹಾಕುವುದಕ್ಕೆ ಕಾರಣವಿದೆ, ಹೇಳುತ್ತೇನೆ.

ನಮ್ಮ ಮಾರ್ಗದ ಕೊನೆಗೆ ಇಟ್ಟಿಗೆ ಗೂಡುಗಳಿವೆ. ಎಲ್ಲೆಲ್ಲಿಂದಲೋ ಬಂದ ಜನ. ಮಣ್ಣು ಕಲಸುತ್ತಾರೆ, ಇಟ್ಟಿಗೆ ಹೊಡೆಯುತ್ತಾರೆ, ಗೂಡಿನ ಪಕ್ಕದಲ್ಲೇ ಗುಡಿಸಲು. ಇಲ್ಲಿನ ಮನೆಗಳೆಲ್ಲ ಅವರು ಹೊಡೆದ ಇಟ್ಟಿಗೆಯವೇ. ಆ ಮನೆಗಳ ಹೊಸಿಲು ಅವರು ತುಳಿದಿಲ್ಲ. ಇಷ್ಟು ದಿನ ಆ ಜನ ಬಸ್ಸು ಹತ್ತಿದ್ದೇ ನಾನು ನೋಡಿರಲಿಲ್ಲ. ಅವರಿಗೆ ಬೇಡವೇನೋ ಎಂದುಕೊಂಡಿದ್ದೆ. ನೋಡಿ, ಎಷ್ಟು ಸಲೀಸಾಗಿ ಅಂದುಕೊಂಡುಬಿಟ್ಟೆ.

ಫೆಬ್ರವರಿ 27ರಂದು ಗೂಡಿನ ತಿರುವಿನ ಕಂಬಕ್ಕೆ ಒಂದು ಚೀಲ ನೇತಾಡುತ್ತಿತ್ತು. ಸಿಮೆಂಟ್ ಚೀಲ ಕತ್ತರಿಸಿ ಹೊಲಿದದ್ದು. ನಾನು ಒಂದು ಗಂಟೆ ಎಳೆದೆ. ಬಸ್ಸು ನಿಂತಿತು.

"ಯಾಕೆ ನಿಲ್ಲಿಸಿದೆ ಕಂಡಕ್ಟ್ರಮ್ಮ?" ಎಂದರು ಮುಂದಿನ ಸೀಟಿನಿಂದ.

"ಚೀಲ ಇದೆಯಲ್ಲ."

"ಅದು ಗೂಡಿನವರದ್ದು. ರೈಟ್ ಅನ್ನು."

"ಅವರೂ ಬರ್ತಿರಬಹುದು."

"ಅವರಿಗೆಲ್ಲ ಕಾಯ್ತಾ ಕೂತ್ರೆ ನಮ್ಮ ಬಾಳು ಮುಗೀತು. ಹತ್ತಿಸಿದ್ರೆ ಸೀಟೆಲ್ಲ ಮಣ್ಣು. ಹೋಗಮ್ಮ, ನಿನಗೆ ಗೊತ್ತಾಗಲ್ಲ, ಹೊಸಬಳು."

ಸಿಟ್ಟಿನಿಂದ ಹೇಳಲಿಲ್ಲ ಅಣ್ಣ. ನಗುನಗುತ್ತಾ ಹೇಳಿದರು. ನನ್ನ ಕಂಕುಳಿಗೆ ಕೂಸು ಕೊಟ್ಟವರು, ನನ್ನ ಪರವಾಗಿ ಸಹಿ ಹಾಕುತ್ತೇನೆಂದವರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಮನೆಯವಳನ್ನು ನೋಡುವ ಹಾಗೆ. ಗಿರಣಿ ಅಮ್ಮನೂ ಇದ್ದಳು, ಕನ್ನಡಕ ಒರೆಸುತ್ತಿದ್ದಳು.

ನಾನು ಎರಡು ಗಂಟೆ ಎಳೆದೆ.

ನೀವು ಆ ಕೋಣೆಯಲ್ಲಿ ಕುಡಿದ ಚಹಾ ನನಗೂ ಗಂಟಲಲ್ಲಿ ನಿಂತಿತು.

ಮಾರನೇ ದಿನ ತಿಳಿಯಿತು. ಜ್ವರದ ಮಗುವನ್ನು ಹೊತ್ತುಕೊಂಡು ಒಬ್ಬ ಹೆಂಗಸು ಚೀಲದ ಹಿಂದೆಯೇ ಬರುತ್ತಿದ್ದಳಂತೆ. ಬಸ್ಸಿನ ಹಿಂಭಾಗ ನೋಡಿದ್ದಾಳೆ. ಆರೋಗ್ಯ ಕೇಂದ್ರಕ್ಕೆ ಒಂಬತ್ತು ಕಿಲೋಮೀಟರ್ ಬಿಸಿಲಲ್ಲಿ ನಡೆದಿದ್ದಾಳೆ. ಮಗು ಉಳಿದಿದೆ. ಅದರಲ್ಲಿ ನನ್ನ ಪಾಲು ಏನೂ ಇಲ್ಲ. ಅರವತ್ತು ಜನರನ್ನು ಆಸ್ಪತ್ರೆಗೆ ತಿರುಗಿಸಿದ ವೀರನಾರಿ ನಾನು, ನಾಲ್ಕು ನಿಮಿಷ ಕಾಯಲಾರದೆ ಹೋದೆ.

ಮೂರು ದಿನ ಬಿಟ್ಟು ಅದೇ ಚೀಲ ಮತ್ತೆ ಕಂಬದಲ್ಲಿತ್ತು. ಒಂದು ಗಂಟೆ ಎಳೆದೆ. ಬಸ್ಸಿನವರೆಲ್ಲ ಕೂಗಿದರು, ನಾನು ಹಗ್ಗ ಬಿಡಲಿಲ್ಲ. "ಬೈಯೋದಿದ್ರೆ ಬೈಯಿರಿ, ಚೀಲಕ್ಕೆ ಬಸ್ಸು ನಿಲ್ಲುತ್ತೆ ಅಂತ ಕಲಿಸಿದ್ದು ನೀವೇ" ಎಂದೆ. ಹೆಂಗಸು ಮಗು ಸಮೇತ ಓಡಿ ಬಂದು ಹತ್ತಿದಳು. ಯಾರೂ ಜರುಗಲಿಲ್ಲ. ನನ್ನ ಸೀಟಿನಲ್ಲಿ ಕೂರಿಸಿದೆ.

ಅಂದಿನಿಂದ ಎರಡು ವಾರ, ಈ ಮಾತಿನ ಮಲ್ಲರ ಊರಿನಲ್ಲಿ ನನ್ನೊಡನೆ ಯಾರೂ ಮಾತಾಡಿಲ್ಲ. ಚಿಲ್ಲರೆ ಕೈಗೆ ಕೊಡುವುದಿಲ್ಲ, ಸೀಟಿನ ಮೇಲಿಡುತ್ತಾರೆ. ಸಹಿಯ ಕಾಗದ ಖಾಲಿ ವಾಪಸು ಬಂತು. ಗಿರಣಿ ಅಮ್ಮ ಬೆಳಿಗ್ಗೆ ಬಾಗಿಲ ಬಳಿ ನೀರು ಇಡುತ್ತಾಳೆ, ಬಾಯಿ ತೆರೆಯುವುದಿಲ್ಲ. ಸಿಟಿಯ ಮೌನ ಯಾರ ಮೇಲೂ ಹೂಡಿದ್ದಲ್ಲ ಅಣ್ಣ, ಅದು ಎಲ್ಲರಿಗೂ ಒಂದೇ. ಇಲ್ಲಿನ ಮೌನಕ್ಕೆ ನನ್ನ ವಿಳಾಸ ಬರೆದು ಕಳಿಸಿದ್ದಾರೆ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ, ಅದು ತೀರಾ ದೊಡ್ಡವರು ಆಡುವ ಮಾತು. ನಾನೂ ಎರಡು ಗಂಟೆ ಎಳೆದೆ ಎಂದಷ್ಟೇ ಬರೆಯುತ್ತೇನೆ.

27ಕ್ಕೆ ಬರುತ್ತೇನೆ. ಆ ಹದಿನಾಲ್ಕು ಹೆಸರು ಹೆಸರಾಗಿಯೇ ಉಳಿಯುತ್ತವೆ ಎಂದು ನನಗೆ ಗೊತ್ತು. ಕಾಗದದ ಮೇಲೆ ಬರೆಯುವುದು ಬೇರೆ, ರಜೆ ಹಾಕಿ ಬರುವುದು ಬೇರೆ. ನೀವೊಬ್ಬರು ಬಂದು ನಿಲ್ಲಿ.

ತಂಗಿ


ಮಾರ್ಚ್ 28, ಗುರುವಾರ

ತಂಗೀ,

ನಿನ್ನನ್ನು ಒಳಗೆ ಕರೆದು ಬಾಗಿಲು ಹಾಕಿದ ಮೇಲೆ ಹೊರಗೆ ನಡೆದದ್ದು ನಿನಗೆ ಗೊತ್ತಿಲ್ಲ. ಸಂಜೆ ಬಸ್ಸಿಗೆ ನೀನು ಓಡಿದೆ, ಹೇಳುವುದಕ್ಕೂ ಆಗಲಿಲ್ಲ. ಬರೆಯುತ್ತಿದ್ದೇನೆ.

ಹತ್ತೂ ನಲವತ್ತಕ್ಕೆ ಮೆಟ್ಟಿಲಲ್ಲಿ ಮೊದಲ ಹೆಜ್ಜೆ ಕೇಳಿಸಿತು. ಆಮೇಲೆ ನಿಲ್ಲಲೇ ಇಲ್ಲ. ಹದಿನಾಲ್ಕಲ್ಲ, ಹದಿನೇಳು ಜನ. ಬರೆಯದವರೂ ಬಂದಿದ್ದರು. ಅರ್ಧ ದಿನ ರಜೆ ಹಾಕಿ, ಊಟದ ಡಬ್ಬಿ ಸಮೇತ. ಆ ಕಾರಿಡಾರಿನಲ್ಲಿ ನಾಲ್ಕೇ ಕುರ್ಚಿ. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ. ಬಸ್ಸಿನಲ್ಲಿ ನಿಲ್ಲುವ ಹಾಗೆಯೇ ನಿಂತರು. ನನಗೆ ನಗು ಬಂತು, ಹಿಂದಿನ ಬಾಗಿಲಿನವರು ಹಿಂದೆ, ಮುಂದಿನವರು ಮುಂದೆ. ಆಮೇಲೆ ಆ ಮುದುಕರು ಬಂದರು, ಎದೆ ಹಿಡಿದು ಕುಸಿದವರು, ಕೋಲೂರಿಕೊಂಡು. ನಾಲ್ಕು ಕುರ್ಚಿಯಲ್ಲಿದ್ದ ನಾಲ್ವರೂ ಒಟ್ಟಿಗೆ ಎದ್ದರು.

ತಡೆಯಲಾರದೆ ಕೇಳಿದೆ, "ಅಲ್ರೀ, ಆ ಕಾಗದ ದಿನಾ ಅಂಟಿಸ್ತಾ ಇದ್ದದ್ದು ಯಾರು?"

ಮೂಲೆಯಲ್ಲಿದ್ದ ಹೆಂಗಸು ಕೈಬೆರಳು ನೋಡಿಕೊಂಡಳು. "ನಾನು. ಪೆಟ್ಟಿಗೆ ಕಾರ್ಖಾನೇಲಿ ಲೇಬಲ್ ಅಂಟಿಸೋ ಕೆಲಸ ನಂದು. ಹರಿದಿದ್ದು ಕಂಡ್ರೆ ಕೈ ಸುಮ್ನಿರಲ್ಲ."

"ಆ ದಿನ ಪೆನ್ಸಿಲ್ ಬರ್ಕೊಳ್ಳುವಾಗ ಯಾಕೆ ಯಾರೂ ಮಾತಾಡಲಿಲ್ಲ?"

ಛತ್ರಿಯವರು ಹೇಳಿದರು, "ಆ ಹುಡುಗಿ ಅಳ್ತಾ ಇದ್ದಳಲ್ರೀ. ಅಷ್ಟು ಜನರ ಮಧ್ಯೆ ಅಳೋರನ್ನ ನೋಡಬಾರದು ಅಂತ ಆ ಕಡೆ ತಿರುಗಿದ್ವಿ. ಕಿಟಕಿ ಬಿಟ್ರೆ ನಮ್ಮ ಹತ್ರ ಇನ್ನೇನಿದೆ ಕೊಡೋಕೆ."

ನೀನು ಅತ್ತಿದ್ದು ನನಗೆ ಗೊತ್ತಿರಲಿಲ್ಲ. ನೀನು ಬರೆಯಲಿಲ್ಲ.

ಎರಡು ಹೇಳಿಕೆ ಕೊಟ್ಟಿದ್ದಕ್ಕೆ ನನಗೆ ಎಚ್ಚರಿಕೆ ಪತ್ರ ಬರುತ್ತದಂತೆ. ಫ್ರೇಮ್ ಹಾಕಿಸಿ ಗೋಡೆಗೆ ಹಾಕುತ್ತೇನೆ ಎಂದೆ. ನಿನ್ನ ಅತ್ತಿಗೆ, "ಮೊಳೆ ನಾನೇ ಹೊಡೀತೀನಿ" ಎಂದಳು. ಮೂರು ತಿಂಗಳ ಮೇಲೆ ಅವಳು ನಕ್ಕದ್ದು.

ಒಳಗೆ ಏನಾಯಿತು? ಸಾಕ್ಷಿ ಮುಗಿದ ಕೂಡಲೇ ನನ್ನನ್ನು ಆಚೆ ಕಳಿಸಿದರು.

ಅಣ್ಣ


ಏಪ್ರಿಲ್ 1, ಸೋಮವಾರ

ಅಣ್ಣನಿಗೆ,

ಹೌದು, ಅತ್ತಿದ್ದೆ. ಆ ದಿನ ಯಾರೂ ನೋಡಲಿಲ್ಲವೆಂದು ಇಷ್ಟು ದಿನ ಸಿಟ್ಟಿತ್ತು. ನೋಡದೆ ಬಿಟ್ಟರು ಎಂದು ಈಗ ಸಮಾಧಾನ.

ಆದೇಶ ಇವತ್ತು ಕೈಗೆ ಬಂತು. 'ಆರೋಪಗಳನ್ನು ಕೈಬಿಡಲಾಗಿದೆ.' ನಾಲ್ಕು ಸಲ ಓದಿ, ಆಮೇಲೆ ಡ್ರೈವರ್ ಮಾವನಿಂದ ಓದಿಸಿ ಕೇಳಿದೆ. ಏಪ್ರಿಲ್ 15ರಿಂದ ಹಳೆಯ ಡಿಪೋಗೆ ವಾಪಸು. ಮಧ್ಯಾಹ್ನ ಮಲಗಿದವಳು ಸಂಜೆಯವರೆಗೆ ನಿದ್ದೆ ಮಾಡಿದೆ. ಭುಜ ಎರಡೂ ಯಾವಾಗಲೂ ಕಿವಿಯ ಹತ್ತಿರ ಇರುತ್ತಿದ್ದವು, ಈಗ ಅವುಗಳ ಜಾಗದಲ್ಲಿವೆ.

ಒಳಗಿನ ಕಥೆ ಹೇಳುತ್ತೇನೆ. ವಿಚಾರಣಾಧಿಕಾರಿ ಕೊನೆಗೆ ದೂರುದಾರರನ್ನು ಕರೆದರು. ಅದೇ ಕೋಟು. ಆತ ಬಂದು, "ಬಸ್ಸು ತಡವಾಯ್ತು, ನನಗೆ ಆಫೀಸಿನಲ್ಲಿ ಬೈದ್ರು, ಅದಕ್ಕೆ ತಡವಾಯ್ತು ಅಂತ ಬರೆದುಕೊಟ್ಟೆ. ಈಕೇನ ಕೆಲಸದಿಂದ ತೆಗೀರಿ ಅಂತ ಎಲ್ಲಿ ಬರ್ದಿದ್ದೀನಿ, ತೋರಿಸಿ" ಎಂದರು. ಪೆನ್ಸಿಲ್ ಪುಟ ತಿರುಗಿಸಿದ, ತಿರುಗಿಸಿದ, ಸಿಗಲಿಲ್ಲ. ಅಧಿಕಾರಿ ಕನ್ನಡಕ ತೆಗೆದು, "ಹೊರಗೆ ಇನ್ನೂ ಎಷ್ಟು ಜನ ಇದ್ದಾರೆ?" ಎಂದು ಜವಾನನನ್ನು ಕೇಳಿದರು. "ಒಂದು ಬಸ್ಸು ಇದೆ ಮೇಡಂ" ಎಂದ. ಅಲ್ಲಿಗೆ ಮುಗಿಯಿತು.

ಇನ್ನು ಇಲ್ಲಿಯದು. ಮೊನ್ನೆ ಬೆಳಿಗ್ಗೆ ಗೂಡಿನ ತಿರುವಿನಲ್ಲಿ ಆ ಹೆಂಗಸು ಹತ್ತಿದಳು. ಎಂದಿನಂತೆ ಯಾರೂ ಜರುಗಲಿಲ್ಲ. ಗಿರಣಿ ಅಮ್ಮ ತನ್ನ ಪಕ್ಕದ ಸೀಟಿನಿಂದ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಕೂತ್ಕೊ. ನಿಂತ್ಕೊಂಡು ಮಗೂನ ಬೀಳಿಸ್ತೀಯ."

ಹೆಂಗಸು ಅನುಮಾನಿಸುತ್ತಾ ತುದಿಯಲ್ಲಿ ಕೂತಳು. ಹಿಂದಿನಿಂದ ಯಾರೋ, "ಸೀರೆಗೆಲ್ಲ ಮಣ್ಣಾಗುತ್ತೆ ಅಮ್ಮ" ಎಂದರು.

"ನನ್ನ ಸೀರೆ ಯಾವಾಗ ಹಿಟ್ಟಿಲ್ಲದೆ ಇತ್ತು? ಹಿಟ್ಟಿಗೆ ಮಣ್ಣು ಬಿದ್ರೆ ನಿಂಗೇನು, ನೀನು ತಿನ್ನೋ ರೊಟ್ಟಿಗಂತೂ ಮೊದಲೇ ಬಿದ್ದಿದೆ." ಆಮೇಲೆ ಹೆಂಗಸಿನ ಕಡೆ ತಿರುಗಿ ಶುರು ಮಾಡಿದಳು ನೋಡಿ, ಯಾವ ಊರು, ಯಾರ ಮಗಳು, ಗಂಡ ಏನ್ಮಾಡ್ತಾನೆ, ಕುಡೀತಾನಾ, ಮಗೂಗೆ ಜ್ವರ ಬಿಡ್ತಾ, ಎಷ್ಟನೇದು ಇದು, ಸಾಕಲ್ವಾ. ನಲವತ್ತೂ ಪ್ರಶ್ನೆ. ನಾನು ಬಂದ ದಿನ ನನ್ನನ್ನು ಸುಲಿದ ಅದೇ ನಲವತ್ತು. ಇಲ್ಲಿ ಬಾಗಿಲು ತೆರೆಯುವುದು ಹಾಗೆ ಅಣ್ಣ. ಯಾರಿಗೆ ಆ ಪ್ರಶ್ನೆ ಕೇಳುವುದಿಲ್ಲವೋ ಅವರು ಊರಿನ ಹೊರಗೆ. ಇಳಿಯುವ ಹೊತ್ತಿಗೆ ಇನ್ನಿಬ್ಬರು ಮುಂದಿನ ಸೀಟಿನಿಂದ ತಿರುಗಿ ಕೂತು ಔಷಧಿ ಹೇಳುತ್ತಿದ್ದರು.

ಸಂಜೆ ಅಮ್ಮನನ್ನು ಕೇಳಿದೆ, "ನನ್ನ ಜೊತೆ ನಾಲ್ಕು ವಾರ ಯಾಕೆ ಮಾತು ಬಿಟ್ಟಿದ್ದೆ?"

"ಬಿಟ್ಟಿರಲಿಲ್ಲ. ನುಂಗ್ಕೊಂಡಿದ್ದೆ. ಅಜೀರ್ಣ ಆಗಿ ಸಾಯ್ತಿದ್ದೆ" ಎಂದಳು.

ಎಲ್ಲರೂ ಬದಲಾದರು ಎಂದು ತಿಳಿಯಬೇಡಿ. ಅರ್ಧ ಬಸ್ಸು ಇನ್ನೂ ಮುಖ ಊದಿಸಿಕೊಂಡಿದೆ. ನಾನು 15ಕ್ಕೆ ಹೊರಟರೆ ಬರುವ ಕಂಡಕ್ಟರ್ ಮತ್ತೆ ಎರಡು ಗಂಟೆ ಎಳೆಯುತ್ತಾನೆ. ಒಬ್ಬಳ ಒಳ್ಳೆಯತನದ ಮೇಲೆ ಸ್ಟಾಪ್ ನಿಲ್ಲಬಾರದು, ವೇಳಾಪಟ್ಟಿಯಲ್ಲಿ ಅಚ್ಚಾಗಬೇಕು. 'ಇಟ್ಟಿಗೆ ಗೂಡು, ನಿಲುಗಡೆ' ಎಂದು ಬರೆಸಲು ಅರ್ಜಿ ಸಿದ್ಧವಾಗಿದೆ. ಗೂಡಿನವರು ಮೂವತ್ತೊಂದು ಜನ ಹೆಬ್ಬೆಟ್ಟು ಒತ್ತಿದ್ದಾರೆ. ಊರಿನವರು ಇದುವರೆಗೆ ಆರು. ಮೊದಲ ಸಹಿ ಗಿರಣಿ ಅಮ್ಮನದು. ಅದಕ್ಕಾಗಿ ಕರೆದ ಸಭೆಗೆ ಇಲ್ಲಿನ ಡಿಪೋ ಸಾಹೇಬರು ಬರುತ್ತೇನೆಂದು ಬಾಯಲ್ಲಿ ಹೇಳಿದ್ದಾರೆ, ಬರವಣಿಗೆಯಲ್ಲಿ ಕೇಳಿದ್ದೇನೆ.

ಅರ್ಜಿ ಓದಿ ಹೇಳಲು ಗಟ್ಟಿ ಗಂಟಲಿನ ಹಳೇ ಯೂನಿಯನ್ ಮನುಷ್ಯ ಒಬ್ಬರು ಬೇಕು. ಅತ್ತಿಗೆಯನ್ನೂ ಕರೆತನ್ನಿ. ಇಲ್ಲಿನವರು ಇಬ್ಬರನ್ನೂ ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುತ್ತಾರೆ, ತಯಾರಾಗಿ ಬನ್ನಿ.

ಸಭೆ ಗಿರಣಿಯ ಅಂಗಳದಲ್ಲಿ. ಏಪ್ರಿಲ್ 7, ಭಾನುವಾರ, ಸಂಜೆ ನಾಲ್ಕು ಗಂಟೆಗೆ.

ತಂಗಿ